ಪಟದ ಹಿಂದಿನ ಸಾಲುಗಳು

ಮಾಗಿಯ ಚಳಿ, ಬೆಳಗಿನ ಹತ್ತು ಗಂಟೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನನ್ನ ಬಿಡಿಭಾಗಗಳನ್ನು ಜೋಡಿಸಿ ಮೊದಲ ಸಲ ಕರೆಂಟು ಕೊಟ್ಟರು. ನಾನು ಒಂದು ಕಂಪ್ಯೂಟರು. ಒಳಗೆ ಹಾಕಿದ್ದು ಲಿನಕ್ಸ್, ನನ್ನನ್ನು ನಡೆಸುವ ತಂತ್ರಾಂಶ. ಎದ್ದ ಕೂಡಲೇ ಯಾವ ಕೆಲಸ ಶುರುವಾಯಿತು, ಯಾವುದು ಆಗಲಿಲ್ಲ ಎಂದು ಪರದೆಯ ಮೇಲೆ ಸಾಲುಸಾಲಾಗಿ ಹೇಳುವುದು ನನ್ನ ರೂಢಿ.

ನಾಲ್ಕು ವರ್ಷ ಒಂದು ಕಾಲೇಜಿನಲ್ಲಿದ್ದೆ. ಆಮೇಲೆ ಗದಗಿನ ಕಡೆಯ ಒಂದು ಸಣ್ಣ ಬ್ರೈಲ್ ಮುದ್ರಣಾಲಯಕ್ಕೆ ಕೊಟ್ಟರು. ಕಣ್ಣಿಲ್ಲದ ಮಕ್ಕಳು ಬೆರಳಿನಿಂದ ಓದುವ ಪುಸ್ತಕ ಅಲ್ಲಿ ತಯಾರಾಗುತ್ತಿತ್ತು.

ಮ್ಯಾನೇಜರು ಪ್ರಭಯ್ಯನವರಿಗೆ ನನ್ನ ಸಾಲುಗಳು ಹಿಡಿಸಲಿಲ್ಲ. "ಮುಂಜಾನೆದ್ದು ಇಂಗ್ಲಿಷ್ ಗೊಣಗತೈತಿ ಇದು" ಎಂದು, ಅವುಗಳ ಮೇಲೆ ಗಣಪತಿಯ ಪಟ ಬರುವ ಹಾಗೆ ಮಾಡಿಸಿದರು. ಅಂದಿನಿಂದ ನಾನು ಹೇಳುವುದೆಲ್ಲ ಪಟದ ಹಿಂದೆ.

ಒಂದು ವರ್ಷ ದಸರೆ ಮುಗಿದ ಮೇಲೆ ಗುಂಡಿ ಒತ್ತಿದರೆ ಗಣಪತಿ ಬಂದು ಹಾಗೇ ನಿಂತ. ಒಂದು ನಿಮಿಷ ನೋಡಿ ಆರಿಸಿದರು. ಮೂರು ಸಲ ಹೀಗೇ ಆಯಿತು. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಅಚ್ಚಾಗಬೇಕಿತ್ತು. ಪ್ರೂಫ್ ನೋಡುವ ಚನ್ನವೀರ ಮಾಸ್ತರು, ಹುಟ್ಟಿನಿಂದ ಕಣ್ಣಿಲ್ಲದವರು, ಮೂರು ತಿಂಗಳು ಬೆರಳಾಡಿಸಿ ತಿದ್ದಿದ್ದರು. ರಜೆ ಮುಗಿದು ಮರುದಿನ ಶಾಲೆ ತೆರೆಯುವುದಿತ್ತು. ಹನ್ನೊಂದು ಮಕ್ಕಳು ಜೂನ್ ತಿಂಗಳಿಂದ ಆ ಪುಸ್ತಕವಿಲ್ಲದೆ ಕೂತಿದ್ದರು.

ಅಂಗಡಿಯವನು ಫೋನಿನಲ್ಲಿ, ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಎಂದ. ಪ್ರಭಯ್ಯನವರು ಹೂಂ ಅನ್ನುವುದರಲ್ಲಿದ್ದರು.

"ತಡೀರಿ" ಎಂದರು ಮಾಸ್ತರು. ಟೈಪು ಮಾಡುವ ಸುನಂದಾಳನ್ನು ಕರೆದು, "ತಂಗಿ, ಎಸ್ಕೇಪ್ ಗುಂಡಿ ಒತ್ತು. ಪಟ ಸರೀತೈತಿ, ಅದನ್ನ ಹಾಕಿದಾವ ಹೇಳಿದ್ದ. ಅದು ಏನ್ ಹೇಳತೈತಿ ಓದು" ಎಂದರು.

"ದೇವರನ್ನ ಹ್ಯಾಂಗ್ ಸರಸೂದ್ರಿ, ಮಾಸ್ತರ?"

"ನಾ ಹುಟ್ಟಿದಾಗಿಂದ ಅವನ ಮಾರಿ ನೋಡೇ ಇಲ್ಲ. ನನ್ನ ಮ್ಯಾಲೆ ಸಿಟ್ಟಾಗ್ಯಾನೇನು? ಒತ್ತು."

ಒತ್ತಿದಳು. "ಇದು ಆಗೈತ್ರಿ, ಇದೂ ಆಗೈತ್ರಿ... ಇಲ್ಲಿ ಡಿಸ್ಕ್ ಅಂತ ಐತ್ರಿ. ಮುಂದ ಸೆಕೆಂಡು ಓಡಾಕತ್ತಾವು. ಒಂದೂವರಿ ನಿಮಿಷದ ತನಕಾ."

"ಯಾವುದೋ ಡಿಸ್ಕಿನ ದಾರಿ ಕಾಯಾಕತ್ತೈತಿ. ಪ್ರಭಯ್ಯಾರ, ಹಬ್ಬದಾಗ ಏನಾರ ಬಿಚ್ಚಿದ್ರೇನು?"

ಪ್ರಭಯ್ಯನವರ ಮುಖ ಸಣ್ಣದಾಯಿತು. "ಸರಸ್ವತಿ ಪೂಜಿಗಿ ಪುಸ್ತಕ ಇಡಬೇಕಲ್ರಿ... ನಮ್ಮ ಪುಸ್ತಕ ಎಲ್ಲಾ ಆ ಡಿಸ್ಕಿನಾಗ ಅದಾವಂತ, ಅದನ್ನ ಬಿಚ್ಚಿ ಹೂವಿನಾಗ ಇಟ್ಟಿದ್ದೆ. ಮರತೇ ಬಿಟ್ಟೆ!"

ಬಾಡಿದ ಹೂವಿನ ಬುಟ್ಟಿ ಕೆರೆಗೆ ಹೊರಡಲು ಬಾಗಿಲಲ್ಲಿತ್ತು. ಸುನಂದಾ ಓಡಿ ಚೆಂಡುಹೂವಿನ ಅಡಿಯಿಂದ ಡಿಸ್ಕನ್ನು ತೆಗೆದಳು. ಕುಂಕುಮ ಒರೆಸಿ ಸಿಕ್ಕಿಸಿದರು. ನಾನು ಎದ್ದೆ. ಸಂಜೆಯ ತನಕ ಅಚ್ಚಿನ ಯಂತ್ರ ಟಕಟಕ ಬಡಿಯಿತು. ಮುಂಜಾನೆಯ ಬಸ್ಸಿಗೆ ಹನ್ನೊಂದು ಪುಸ್ತಕ ಹೋದವು.

ಪ್ರಭಯ್ಯನವರು ಪಟವನ್ನು ನನ್ನಿಂದ ತೆಗೆಸಿ ಗೋಡೆಗೆ ಹಾಕಿದರು. ಆಮೇಲೆ ದಿನಾ ಬೆಳಗ್ಗೆ ಸುನಂದಾ ನನ್ನ ಸಾಲುಗಳನ್ನು ಗಟ್ಟಿಯಾಗಿ ಓದುವಳು, ಮಾಸ್ತರು ಕೇಳುವರು. ಇಷ್ಟು ವರ್ಷ ಹೇಳಿದ್ದನ್ನು ಕೂತು ಕೇಳಿದವರು ಅವರೊಬ್ಬರೇ.

ಈಗ ನಾನು ಮೆಟ್ಟಿಲ ಕೆಳಗೆ ಇದ್ದೇನೆ. ಹೊಸದು ಬಂದಿದೆ, ಅದು ಎದ್ದಾಗ ಏನೂ ಹೇಳುವುದಿಲ್ಲ. ನನ್ನನ್ನು ಕೊನೆಯ ಸಲ ಎಬ್ಬಿಸಿದ ದಿನ ಮಾಸ್ತರು ಸಾಲುಗಳನ್ನೆಲ್ಲ ಕೇಳಿಸಿಕೊಂಡು, "ಆಗಲಾರದ್ದು ಯಾವುದಾರ ಐತೇನು, ತಂಗಿ?" ಎಂದರು.

"ಇಲ್ರಿ. ಎಲ್ಲಾ ಆಗ್ಯಾವು."

"ಹಂಗಾರ ಬರ್ತೀನಿ" ಎಂದು ಕೋಲು ತಗೊಂಡರು. ಚನ್ನವೀರ ಮಾಸ್ತರು ನಿವೃತ್ತರಾಗಿ ಹೋದದ್ದು ಅದೇ ದಿನ, ಫಾಲ್ಗುಣದ ಒಂದು ಗುರುವಾರ.