ಉಕ್ಕಿನ ಜಾಳಿಗೆ

ಬೇರು ಅರೆಯುತ್ತಿದ್ದ ಬುರಾನಸಾಬನ ಕೈ ನಿಂತಿತು. ಸಾಲಿನಲ್ಲಿ ಆರನೆಯವಳಾಗಿ ಕೂತ ಹೆಂಗಸು ಸೆರಗಿನೊಳಗೆ ಮೊಣಕೈ ಕೆರೆಯುತ್ತಿದ್ದಳು. ಒಂದೇ ಸಮ, ಬಿಡದೆ. ನಸುಕಿನ ಅಂಗಳದಲ್ಲಿ ಉಗುರಿನ ಸಪ್ಪಳ ಅವನ ಕಿವಿಯವರೆಗೂ ಬಂತು. ತಿಂಗಳುಗಟ್ಟಲೆ ಅದೇ ಸಪ್ಪಳ ಅವನ ಮೈಮೇಲೂ ಇತ್ತು.

"ಯಾಕ ನಿಲ್ಲಿಸಿದ್ರಿ? ಹೊತ್ತು ಮೂಡತೈತಿ," ಎನ್ನುತ್ತ ಹೆಂಡತಿ ಮೆಹರುನಬಿ ಆಡಿನ ಹಾಲಿನ ತಂಬಿಗೆ ತಂದಿಟ್ಟಳು.

ನೇಸರಗಿಯ ಈ ಅಂಗಳದಲ್ಲಿ ಪ್ರತಿ ರವಿವಾರ ಕಾಮಣಿಗೆ, ಅಂದರೆ ಅರಿಷಿಣ ಕಾಮಾಲೆಗೆ, ಔಷಧಿ ಕೊಡುವುದು ಬುರಾನಸಾಬನ ಅಪ್ಪನ ಕಾಲದಿಂದ ಬಂದದ್ದು. ಉಳಿದ ದಿನ ಅವನು ಪಾತ್ರೆಗಳಿಗೆ ಕಲಾಯಿ ಹಾಕುವವನು, ಸ್ಟೋವ್ ರಿಪೇರಿಯವನು. ಔಷಧಿ ಕಲಿಸುವಾಗ ಅಪ್ಪ ಭಾಷೆ ತೆಗೆದುಕೊಂಡಿದ್ದ: ಹೊತ್ತು ಮೂಡುವುದರೊಳಗೆ ಕೊಟ್ಟು ಮುಗಿಸಬೇಕು, ಅಂಗಳಕ್ಕೆ ಬಂದವರನ್ನು ಬರಿಗೈಲಿ ಕಳಿಸಬಾರದು. ತಪ್ಪಿದರೆ ಕೈಗುಣ ಹೋಗುತ್ತದೆ.

ಆ ಹೆಂಗಸು ದೊಡವಾಡದ ಕೃಷ್ಣವ್ವ. ಪಕ್ಕದಲ್ಲಿ ಗಂಡ ರಾಯಪ್ಪ. ಇಬ್ಬರನ್ನೂ ತನ್ನ ಮಾರುತಿ ವ್ಯಾನಿನಲ್ಲಿ ಕರೆತಂದವನು ವೀರಪ್ಪಗೌಡ. ಅವನ ಹತ್ತಿ ಹೊಲದ ಆಳುಗಳು ಅವರು. ಇದು ಮೂರನೆಯ ರವಿವಾರ. ಹಿಂದಿನ ಎರಡು ಸಲ ಬುರಾನಸಾಬ ಅವಳ ಅಂಗೈಯಲ್ಲಿ ನೆಲನೆಲ್ಲಿಯ ಉಂಡೆ ಇಟ್ಟಿದ್ದ. ಮುಖ ನೋಡಿರಲಿಲ್ಲ. ನೋಡಿದರೆ ಗೊತ್ತಾಗುತ್ತದೆಂದೇ ನೋಡಿರಲಿಲ್ಲ.

"ಯವ್ವಾ, ಇತ್ತ ಬಾ. ಕಣ್ಣ ತೋರಸು."

ಅವಳು ಬಂದು ಕೂತಳು. ಕಣ್ಣು ಅರಿಷಿಣವಲ್ಲ, ಹಸಿರಿಗೆ ತಿರುಗಿತ್ತು. ಕೈತುಂಬ ಗೀರು.

"ತಿಂಗಳಾತ್ರಿ ಸಾಬ್ರ," ಎಂದ ರಾಯಪ್ಪ. "ನಿದ್ದಿ ಅನ್ನೂದು ಇಲ್ಲ. ಎಣ್ಣಿ, ಖಾರ ಎಲ್ಲಾ ಬಿಡಿಸೇನ್ರಿ."

"ಬೈಲಕಡಿ ಹೋದಾಗ ಬಣ್ಣ ಹ್ಯಾಂಗೈತಿ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಸಾಬ ಇವತ್ತ ಡಾಕ್ಟರ್ ಆಗ್ಯಾನಪೋ!" ಎಂದ ಒಬ್ಬ ಮುದುಕ. ಕೃಷ್ಣವ್ವ ತಲೆ ತಗ್ಗಿಸಿದಳು.

"ಸುಣ್ಣದಂಗ್ರಿ," ಎಂದಳು, ನೆಲಕ್ಕೆ ಹೇಳಿದಂತೆ.

ಬುರಾನಸಾಬನಿಗೂ ಹಾಗೇ ಆಗಿತ್ತು. ವ್ಯಾನಿಗೆ ಒರಗಿ ನಿಂತಿದ್ದ ಗೌಡ ಮುಂದೆ ಬಂದ.

"ಏ ಬುರಾನಸಾಬ, ಹೆಣ್ಣಮಕ್ಕಳಿಗೆ ಏನ ಕೇಳಾಕತ್ತಿಯೋ? ಉಂಡಿ ಕೊಟ್ಟು ಕಳಸು. ಹತ್ತಿ ಒಡದು ನಿಂತೈತಿ, ಇಕಿನೂ ಬಿಡಸಾಕ ಬರಬೇಕು."

"ಗೌಡ್ರ, ಇದು ನನ್ನ ಬೇರಿಗೆ ಬಗ್ಗೂದಲ್ರಿ. ಒಳಗ ಪಿತ್ತದ ನಳಿಗಿ ಕಟ್ಟೈತಿ. ಬೆಳಗಾವಿಗೆ ಒಯ್ಯಬೇಕು."

"ನಿನಗ ಹ್ಯಾಂಗ ಗೊತ್ತು?" ಎಂದು ಗೌಡ ನಕ್ಕ.

ಆ ನಗು ಬುರಾನಸಾಬನಿಗೆ ಅರ್ಥವಾಯಿತು. ಶ್ರಾವಣದಲ್ಲಿ ಬೆಳಗಾವಿಯ ದವಾಖಾನೆಯಲ್ಲಿ ಇಬ್ಬರೂ ಎದುರಾಗಿದ್ದರು. ಬುರಾನಸಾಬನಿಗೂ ಗೌಡನ ತಾಯಿ ಗುರುಬಸವ್ವನಿಗೂ ಇದೇ ರೋಗ. ಡಾಕ್ಟರು ಗೌಡನಿಗೆ ಕುರ್ಚಿ ಕೊಟ್ಟು, ಚಿತ್ರ ಬರೆದು ತಿಳಿಸಿದ್ದರು: ಪ್ಲಾಸ್ಟಿಕ್ ನಳಿಗೆ ಎರಡು ಮೂರು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಉಕ್ಕಿನ ಜಾಳಿಗೆ ಹಾಕಿದರೆ ಒಳಗೆ ತಾನಾಗಿ ಅರಳಿ ಹೆಚ್ಚು ಕಾಲ ದಾರಿ ಬಿಡುತ್ತದೆ. ಅದೇ ಡಾಕ್ಟರು ಕಲಾಯಿಯವನಿಗೆ ಹೇಳಿದ್ದು ಪಡಸಾಲೆಯಲ್ಲಿ ನಿಂತು, ಒಂದೇ ಮಾತು: "ನಳಿಗಿ ಹಾಕ್ತೀವಿ, ಇಲ್ಲಿ ಹೆಬ್ಬೆಟ್ಟು ಒತ್ತು." ಯಾವ ನಳಿಗೆ ಎಂದು ಹೇಳುವಷ್ಟು ದೊಡ್ಡ ಮನುಷ್ಯನಾಗಿ ಅವನು ಅವರ ಕಣ್ಣಿಗೆ ಕಂಡಿರಲಿಲ್ಲ.

ಅವನಿಗೆ ಹಾಕಿದ್ದು ಪ್ಲಾಸ್ಟಿಕ್. ಎರಡೇ ತಿಂಗಳಿಗೆ ಅದು ಕಟ್ಟಿತು. ಮಂಚ ನಡುಗುವಂಥ ಚಳಿಜ್ವರ. ಅಷ್ಟರಲ್ಲಿ ಗೌಡನ ಬಾಯಿಂದಲೇ ಜಾಳಿಗೆಯ ವಿಷಯ ತಿಳಿದಿದ್ದ ಅವನು ಎರಡನೆಯ ಸಲ ಹೋದಾಗ ಡಾಕ್ಟರ ಕೈ ಹಿಡಿದೇಬಿಟ್ಟಿದ್ದ: "ಗೌಡ್ರ ತಾಯಿಗೆ ಹಾಕಿದ್ದು ನನಗೂ ಹಾಕ್ರಿ." ಮಗ ಸಾಜಿದನ ಟೆಂಪೊ ಮಾರಿಹೋಯಿತು, ಜಾಳಿಗೆ ಬಂತು. ದಾರಿ ಕಟ್ಟಿದ ಒಳಗಿನ ಗಂಟು ಹಾಗೇ ಇದೆ, ಇದು ದಾರಿಯಷ್ಟೇ ತೆಗೆಯುತ್ತದೆ ಎಂದೂ ಹೇಳಿದ್ದರು. ಆದರೂ ತುರಿಕೆ ನಿಂತು, ಅನ್ನ ರುಚಿ ಹತ್ತಿತ್ತು.

ಆ ಶ್ರಾವಣದಲ್ಲೇ ದವಾಖಾನೆಯ ಮೆಟ್ಟಿಲ ಮೇಲೆ ಗೌಡ ಅವನ ಹೆಗಲು ತಟ್ಟಿದ್ದ. "ಊರಾಗ ನಾ ಹೇಳಂಗಿಲ್ಲ ಬಿಡು. ಕಾಮಣಿ ಸಾಬಗ ಕಾಮಣಿ ಅಂದ್ರ ನಿನ್ನ ಅಂಗಳಕ್ಕ ಯಾರ ಬರ್ತಾರ?" ಬುರಾನಸಾಬ ಮಿರಜದ ಬೀಗರ ಮನೆಗೆ ಹೋಗಿದ್ದನೆಂದೇ ನೇಸರಗಿ ನಂಬಿತ್ತು.

ಮೂಡಣ ಕೆಂಪೇರಿತು. ಸಾಲಿನಲ್ಲಿ ಗುಸುಗುಸು ಎದ್ದಿತು. "ಸಾಬ್ರ, ಲಗೂನ ಕೊಡ್ರಿ, ಹೊತ್ತು ಮೂಡಾಕತ್ತು!"

ಬುರಾನಸಾಬ ಅರೆದ ಬೇರಿನ ಮೇಲೆ ಬಟ್ಟೆ ಮುಚ್ಚಿದ.

"ಮೂಡ್ಲಿ."

ಮೆಹರುನಬಿ ಅವನ ತೋಳು ಹಿಡಿದಳು. "ಮಾವನ ಭಾಷಾ ಮುರೀತೀರೇನು? ನಾಳಿಂದ ಇಲ್ಲಿ ನಾಯಿ ಸೈತ ಬರಂಗಿಲ್ಲ."

"ಟ್ರಂಕಿನ ಕೀಲಿ ಕೊಡು."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ತೆಗೆದು ಅವನ ಕೈಗಲ್ಲ, ನೆಲಕ್ಕೆ ಹಾಕಿದಳು.

ಅವನು ಹೊರಬರುವಷ್ಟರಲ್ಲಿ ಬಿಸಿಲು ಬೇವಿನ ತುದಿಯಿಂದ ಗೋಡೆಗೆ ಇಳಿದಿತ್ತು. ಎಕ್ಸರೇ ಹಾಳೆಯನ್ನು ಎತ್ತಿ ಹಿಡಿದ. ಕಪ್ಪಿನಲ್ಲಿ ಪಕ್ಕೆಲುಬು, ನಡುವೆ ಬೆರಳುದ್ದದ ಬೆಳ್ಳನೆಯ ಜಾಳಿಗೆ, ಜರಡಿಯನ್ನು ಸುರುಳಿ ಸುತ್ತಿ ನಡು ಹಿಚುಕಿದಂತೆ.

"ಇದು ನನ್ನ ಹೊಟ್ಟಿ. ನನಗೂ ಇದ ಕಾಮಣಿ ಆಗಿತ್ತು. ನನ್ನ ಬೇರು ನಾನ ತಿಂಗಳಗಟ್ಟಲೆ ಕುಡದೇನಿ. ಸಾಯೂದೊಂದು ಬಾಕಿ ಇತ್ತು." ಅವನು ಗೌಡನ ಕಡೆ ತಿರುಗಿದ. "ಗೌಡ್ರ, ನಿಮ್ಮವ್ವನ ಹೊಟ್ಟ್ಯಾಗೂ ಇದ ಐತೆಲ್ಲ? ಆಕಿಗೆ ನನ್ನ ಉಂಡಿ ಯಾಕ ತಿನಿಸಲಿಲ್ಲರಿ? ನಿಮ್ಮವ್ವಗ ಉಕ್ಕು, ಹತ್ತಿ ಬಿಡಸೂ ಆಕಿಗೆ ಬರೇ ನನ್ನ ಬೇರೇನ್ರಿ?"

ಗೌಡನ ಮುಖ ಕಪ್ಪಿಟ್ಟಿತು. "ನಾಲಿಗಿ ಭಾಳ ಉದ್ದ ಆತು ನಿಂದು," ಎಂದು ವ್ಯಾನಿನ ಬಾಗಿಲು ತೆಗೆದ. "ರಾಯಪ್ಪ, ಬರ್ತಿಯೋ ಇಲ್ಲೋ?"

ರಾಯಪ್ಪ ವ್ಯಾನು ನೋಡಿದ, ಹೆಂಡತಿಯನ್ನು ನೋಡಿದ. ಕೃಷ್ಣವ್ವ ಎದ್ದು ಬಂದು ಬುರಾನಸಾಬನ ಕೈಯಿಂದ ಹಾಳೆ ತೆಗೆದುಕೊಂಡಳು.

"ಬೆಳಗಾವಿ ಬಸ್ಸು ಎಷ್ಟಕ್ಕರಿ?"

"ಏಳಕ್ಕ. ಯವ್ವಾ, ಅಲ್ಲಿ ಬರೇ ನಳಿಗಿ ಅಂತಾರ. ಇದನ್ನ ತೋರಿಸಿ ಕೇಳು, ಇಂಥಾದ್ದು ಐತೇನ್ರಿ ಅಂತ. ಕೇಳದಿದ್ರ ಅವರು ಹೇಳಂಗಿಲ್ಲ."

ವ್ಯಾನು ಧೂಳೆಬ್ಬಿಸಿ ಹೋಯಿತು. ಅದರ ಹಿಂದೆ ಗಂಡಹೆಂಡತಿ ಸ್ಟ್ಯಾಂಡಿನ ಕಡೆ ನಡೆದರು. ಕೃಷ್ಣವ್ವ ನಡೆನಡೆದು ನಿಲ್ಲುತ್ತಿದ್ದಳು. ಹಾಳೆಯನ್ನು ಸೂರ್ಯನಿಗೆ ಹಿಡಿದು ನೋಡುವಳು, ಮತ್ತೆ ನಡೆಯುವಳು.

ಸಾಲಿನಲ್ಲಿ ಬಹಳ ಮಂದಿ ಗೊಣಗುತ್ತ ಎದ್ದುಹೋದರು. ಡಾಕ್ಟರ್ ಎಂದು ನಕ್ಕಿದ್ದ ಮುದುಕ ಕೂತೇ ಇದ್ದ. ಅವನ ಅಂಗೈ ಇನ್ನೂ ಚಾಚಿಕೊಂಡಿತ್ತು, ಬಿಸಿಲು ಅದರೊಳಗೆ ಬಿದ್ದಿತ್ತು. ಬುರಾನಸಾಬ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊದಲ ಸಲ ಅವನ ಕಣ್ಣ ಕೆಳಗಿನ ತೊಗಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಜಗ್ಗಿದ.