ಕಣ್ಣು ಬಿಡಿಸದ ಸರಸ್ವತಿ

ಭಾರತಮ್ಮನ ನಾಲಗೆಯ ಕೆಳಗೆ ಬೆಣಚುಕಲ್ಲಿನ ಚೂರಿತ್ತು. ಬಾಯೊಳಗೆಲ್ಲ ಹುಣ್ಣು. ಹಗಲೆಲ್ಲ ಕಲ್ಲು ಬಾಯಲ್ಲೇ ಇದ್ದರೆ ತೊದಲು ಬಿಡುತ್ತದೆ ಎಂದು ಮಾಲೂರಿನ ಮಾತಿನ ಡಾಕ್ಟರು ಹೇಳಿದ್ದ.

ಎಮರ್ಜೆನ್ಸಿ ಮುಗಿದ ವರ್ಷ ಅದು. ಆತ ಅವಳ ಅಪ್ಪ, ಶಿಲ್ಪಿ ಗಂಗುಲಪ್ಪನ ಹತ್ತಿರ ಫೀಸು ಕೇಳಲಿಲ್ಲ. "ಶಿವಾರಪಟ್ಟಣದೋನಲ್ವಾ ಗಂಗುಲಪ್ಪ? ಕ್ಲಿನಿಕ್ಕಿಗೊಂದು ಸರಸ್ವತಿ ಕೆತ್ತಿಕೊಡು, ಸಾಕು" ಅಂದ.

ಗಂಗುಲಪ್ಪ ಬೇರೆ ಕೆಲಸ ಬಿಟ್ಟು ಬೇಸಗೆಯೆಲ್ಲ ಕೆತ್ತಿದ. ಮಗಳ ತೊದಲು ಹೆಚ್ಚಾಯಿತು. ಹೆಣ್ಣು ನೋಡಲು ಬಂದವರಿಗೆ "ಗಂಟಲುನೋವು" ಅಂತ ಸುಳ್ಳು ಹೇಳಿದ. ಅಂಗಡಿಯಲ್ಲೂ ಅವಳ ಮಾತನ್ನು ಅವನೇ ಮುಗಿಸುತ್ತಿದ್ದ.

ಬಾಯಿಯ ಹುಣ್ಣು ಕೀವಾದಾಗ ಕೋಲಾರದ ಆಸ್ಪತ್ರೆಗೆ ಹೋದರು. ನರ್ಸ್ ಹಜೀರಾ ಬೈದಳು.

"ಮಾತು ತಿದ್ದೋಕೂ ಓದಿ ಪಾಸಾಗಿರ್ಬೇಕಪ್ಪಾ. ಬೆಂಗಳೂರು ಮಲ್ಲೇಶ್ವರದಲ್ಲಿ ಹಂಗೆ ಓದಿರೋ ಒಬ್ಬರು ಮೇಡಂ ಮನೇಲೇ ನೋಡ್ತಾರೆ, ಹೋಗಿ. ಆ ಮಾಲೂರಿನವನ ಸರ್ಟಿಫಿಕೇಟು ಕೇಳಿದ್ಯಾ?"

"ನಮ್ಮಂಥೋರು ಹೆಂಗಕ್ಕ ಕೇಳೋದು?"

ವಿಗ್ರಹ ಆಗಲೇ ಕ್ಲಿನಿಕ್ಕು ಸೇರಿತ್ತು. ಕಣ್ಣು ಮಾತ್ರ ಬಾಕಿ. ಅದನ್ನು ಪ್ರತಿಷ್ಠೆಯ ಹೊತ್ತಿಗೇ ಬಿಡಿಸುವುದು ಶಿಲ್ಪಿಗಳ ರೂಢಿ.

ಪ್ರತಿಷ್ಠೆಯ ದಿನ ಕ್ಲಿನಿಕ್ಕಿನಲ್ಲಿ ಊರ ದೊಡ್ಡವರೆಲ್ಲ ಸೇರಿದ್ದರು.

"ಬೇಗ ಬಿಡ್ಸಯ್ಯಾ, ರಾಹುಕಾಲ ಬರುತ್ತೆ" ಅಂದ ಡಾಕ್ಟರು.

ಗಂಗುಲಪ್ಪ ಉಳಿ ಎತ್ತಿದ. ಹಿಂದಿನಿಂದ ಭಾರತಮ್ಮನ ದನಿ.

"ನಿಮ್ಮ ಸ... ಸ..."

ಯಾರೋ ಕಿಸಕ್ಕೆಂದರು. ಗಂಗುಲಪ್ಪನ ಕಿವಿ ಕಾದವು. ಮಾತೇನೆಂದು ಅವನಿಗೆ ಗೊತ್ತಿತ್ತು. ಮುಗಿಸಲು ಬಾಯಿ ತೆರೆದ. ಮುಚ್ಚಿಕೊಂಡ.

"ಸ... ಸರ್ಟಿಫಿಕೇಟು ತೋ... ತೋರ್ಸಿ."

"ಗಂಗುಲಪ್ಪಾ, ಇವಳನ್ನ ಆಚೆ ಕಳ್ಸು. ಮಾನ ಇಲ್ವಾ ನಿಂಗೆ?" ಡಾಕ್ಟರು ಗದರಿದ.

"ಐತೆ ಸ್ವಾಮಿ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ." ಉಳಿಯನ್ನು ಚೀಲಕ್ಕೆ ಹಾಕಿದ. "ಅವಳು ಕೇಳಿದ್ದು ತೋರ್ಸಿ. ಕಣ್ಣು ಆಮೇಲೆ."

ಡಾಕ್ಟರು ಏನೂ ತೋರಿಸಲಿಲ್ಲ. ದೊಡ್ಡ ಹಾರ ತರಿಸಿ ಸರಸ್ವತಿಯ ಮುಖ ಮುಚ್ಚಿಸಿದ. ಮಂಗಳಾರತಿ ನಡೆಯಿತು. ದೊಡ್ಡವರು ಕೈಮುಗಿದರು. ಬಾಗಿಲಲ್ಲಿ ಸರದಿಗೆ ಕಾದಿದ್ದ ಹೆಂಗಸೊಬ್ಬಳು ಮಾತ್ರ ತನ್ನ ಮಗುವಿನ ಬಾಯಿಗೆ ಬೆರಳು ಹಾಕಿ ಕಲ್ಲು ತೆಗೆದಳು.

ಅಪ್ಪ ಮಗಳು ಬೆಂಗಳೂರಿಗೆ ಹೋಗಿ ಸಿಟಿ ಬಸ್ಸು ಹತ್ತಿದರು.

"ಎಲ್ಲಿಗಮ್ಮಾ?" ಅಂದ ಕಂಡಕ್ಟರು.

"ಮ... ಮ..."

ಮುಂದಿನ ಸೀಟಿನವರು ತಿರುಗಿ ನೋಡಿದರು. ಗಂಗುಲಪ್ಪ ನಾಚಿಕೆಯಿಂದ ಬೆವೆತು ತಲೆ ತಗ್ಗಿಸಿದ.

"ಬೇಗ ಹೇಳಮ್ಮಾ. ನೀನಾದ್ರೂ ಹೇಳಯ್ಯಾ!"

"ಅವಳು ಹೇಳ್ತಾಳೆ" ಅಂದ ಗಂಗುಲಪ್ಪ, ತಲೆ ಎತ್ತದೆ.