ಆಷಾಢದಲ್ಲಿ ಬೇರೆಯಾದದ್ದು

ಕತ್ರಿಗುಪ್ಪೆಯ ಮಾಧವರಾಯರು ರಾಹುಕಾಲದಲ್ಲಿ ಕಂಪ್ಯೂಟರಿನ ಗುಂಡಿಯನ್ನೂ ಒತ್ತುವವರಲ್ಲ. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ‘ಓದುಗಿಳಿ’ ಎಂಬ ಆ್ಯಪ್ ಬರೆದು, ಯಾರು ಬೇಕಾದರೂ ತಿದ್ದಿಕೊಳ್ಳಲಿ ಎಂದು ಲೋಕಕ್ಕೇ ಬಿಟ್ಟುಕೊಟ್ಟ ಪುಣ್ಯಾತ್ಮರು. ತಿದ್ದಿದ್ದನ್ನು ಮೂಲಕ್ಕೆ ಸೇರಿಸಿ ಎಂದರೆ ಮಾತ್ರ ಪಂಚಾಂಗ ತೆಗೆಯುತ್ತಿದ್ದರು.

ಕುಮಾರಸ್ವಾಮಿ ಲೇಔಟಿನ ಅರ್ಪಿತ ಅದರದೊಂದು ಪ್ರತಿ ತೆಗೆದು, ಪಕ್ಕದ ಬೀದಿಯಲ್ಲಿದ್ದ ಕಣ್ಣು ಕಾಣದ ದೊಡ್ಡಪ್ಪ ಬೋರಣ್ಣನಿಗಾಗಿ ನಿಧಾನವಾಗಿ ಓದುವಂತೆ ತಿದ್ದಿದ್ದಳು. ಇಂಥದ್ದಕ್ಕೆ ಫೋರ್ಕ್ ಎನ್ನುತ್ತಾರಂತೆ. ತನ್ನ ಮನೆಯ ಬಾಡಿಗೆದಾರರು ಬರೆದ ತಕರಾರಿನಿಂದ ಮಾತ್ರೆಯ ಚೀಟಿಯವರೆಗೆ ಬೋರಣ್ಣ ಎಲ್ಲವನ್ನೂ ಗಿಳಿಯ ಬಾಯಿಂದಲೇ ಕೇಳುವವನು. ರಾಯರು ಹೊಸ ಆವೃತ್ತಿ ಬಿಟ್ಟಾಗಲೆಲ್ಲ ಅದಕ್ಕೆ ತನ್ನ ತಿದ್ದುಪಡಿ ಹೊಂದಿಸುವುದರಲ್ಲೇ ಅರ್ಪಿತಳ ಭಾನುವಾರಗಳು ತೀರುತ್ತಿದ್ದವು.

ಈ ಸಲ ರಾಯರು ಆಷಾಢ ಹುಟ್ಟುವ ಮುನ್ನಾದಿನ ಓದುವ ಭಾಗವನ್ನೇ ಬದಲಿಸಿದ್ದರು. ಎಷ್ಟು ಹೊಂದಿಸಿದರೂ ಗಿಳಿ ಓದುವುದರಲ್ಲಿ ಓಟ ಕಿತ್ತಿತು.

"ಇದನ್ನೇನ್ ಪೊಲೀಸ್ನೋರು ಅಟ್ಟಿಸ್ಕೊಂಡ್ ಬರ್ತಾವ್ರೇನವ್ವ?" ಎಂದ ಬೋರಣ್ಣ. "ಮಾತ್ರೆ ಎರಡೋ ಮೂರೋ ಗೊತ್ತಾಗ್ಲಿಲ್ಲ. ಒಂದೂ ನುಂಗಿಲ್ಲ."

ಅರ್ಪಿತ ಲೆಕ್ಕ ಹಾಕಿದಳು. ರಾಯರ ಮೂಲದಿಂದ ಪೂರ್ತಿ ಬೇರೆಯಾದರೆ ಮುಂದಿನ ರಿಪೇರಿಯೆಲ್ಲ ತನ್ನೊಬ್ಬಳ ತಲೆಗೆ. ಆಗದಿದ್ದರೆ ದೊಡ್ಡಪ್ಪನ ಪಾಡು ಇದೇ. ಬನಶಂಕರಿಯ ದರ್ಶಿನಿಯೊಂದರಲ್ಲಿ ರಾಯರನ್ನು ಹಿಡಿದಳು.

"ಸಾರ್, ನನ್ನ ತಿದ್ದುಪಡಿ ಸೇರಿಸ್ತೀರಾ ಇಲ್ವಾ?"

"ಆಷಾಢ ಕಣಮ್ಮ. ಹೊಸದೇನೂ ಸೇರಿಸ್ಬಾರ್ದು. ಶ್ರಾವಣಕ್ಕೆ ನೋಡೋಣ."

"ಹೋದ ವರ್ಷಾನೂ ಶ್ರಾವಣ ಅಂದ್ರಿ. ಆಮೇಲೆ ಪಿತೃಪಕ್ಷ ಅಂದ್ರಿ. ಅದು ಮುಗಿದ್ರೆ ಧನುರ್ಮಾಸ."

"ಶಾಸ್ತ್ರ ನಾನ್ ಮಾಡಿದ್ನಾ?" ರಾಯರು ಕಾಫಿ ಊದಿದರು.

ಮದುವೆಯಾದ ವರ್ಷ ಇದೇ ತಿಂಗಳು ಅತ್ತೆ ತನ್ನನ್ನು ತವರಿಗೆ ಅಟ್ಟಿದ್ದು ಅರ್ಪಿತಳಿಗೆ ನೆನಪಾಯಿತು.

"ಸೇರಿಸೋಕಾಗಲ್ಲ, ಒಪ್ಪಿದೆ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರ್ದು ಅನ್ನೋದೂ ಆಷಾಢದಲ್ಲೇ ಅಲ್ವಾ ಸಾರ್? ಬೇರೆಯಾಗೋಕೆ ಇದಕ್ಕಿಂತ ಒಳ್ಳೆ ತಿಂಗಳು ಯಾವುದಿದೆ?"

"ಅದು ಒಂದೇ ತಿಂಗಳಿಗೆ ಕಣಮ್ಮ!"

"ನಾನು ತವರಲ್ಲೇ ಇರ್ತೀನಿ ಬಿಡಿ."

ಶಾಸ್ತ್ರದಲ್ಲಿ ಸೋಲುವುದು ರಾಯರಿಗೆ ಹೊಸದು. ಲೋಟ ಖಾಲಿ ಮಾಡಿ ಕೆಳಗಿಟ್ಟರು. "ಹೆಸರು ಬದಲಾಯಿಸ್ಕೋ," ಎಂದರು ಕೊನೆಗೆ. "ನಿನ್ ಗಿಳಿ ತೊದಲಿದ್ರೆ ಜನ ನನ್ನ ಬೈಬಾರ್ದು."

ಅರ್ಪಿತ ಹೊಸ ಆವೃತ್ತಿಯನ್ನು ಕಿತ್ತೆಸೆದು, ತನ್ನ ಹಳೆಯದನ್ನೇ ‘ನಿಧಾನಿ’ ಎಂದು ಕರೆದು ದೊಡ್ಡಪ್ಪನ ಫೋನಿಗೆ ಹಾಕಿದಳು. ಅದು ಚೀಟಿಯನ್ನು ಹರಳೆಣ್ಣೆ ಸುರಿದ ಹಾಗೆ ಓದಿತು. ಬೋರಣ್ಣ ಎರಡು ಮಾತ್ರೆ ನುಂಗಿ ನೀರು ಕುಡಿದ.

"ಇನ್ಮೇಲೆ ಕೆಟ್ರೆ ಆ ರಾಯರನ್ನ ಬೈಯಂಗಿಲ್ವಾ?"

"ಇಲ್ಲ ದೊಡ್ಡಪ್ಪ. ನನ್ನನ್ನೇ ಬೈಬೇಕು."

"ಹಂಗಾದ್ರೆ ಕೂತ್ಕೋ," ಎಂದು ಬೋರಣ್ಣ ಗಂಟಲು ಸರಿಮಾಡಿಕೊಂಡ. "ಮೊದಲ್ನೇದು, ಇದರ ದನಿ."